ಮೋಟರ್‌ಹೋಮ್ ಗ್ಯಾಸ್: ಸಿಲಿಂಡರ್ ಬದಲಿಸುವುದೋ, ಎಲ್‌ಪಿಜಿ ಬಂಕ್‌ನಲ್ಲಿ ತುಂಬಿಸುವುದೋ?

ನೆಕರ್_ತೀರ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. 2014ರ ಮಾಡೆಲ್ ಮೋಟರ್‌ಹೋಮ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇವೆ. ಗ್ಯಾಸ್ ಪೆಟ್ಟಿಗೆಯಲ್ಲಿ ಬೂದು ಬಣ್ಣದ 11 ಕಿಲೋ ಸ್ಟೀಲ್ ಸಿಲಿಂಡರ್ ಎರಡು, ಟ್ರೂಮಾ ಡ್ಯುಯೋಕಂಟ್ರೋಲ್ ಸಿಎಸ್ ರೆಗ್ಯುಲೇಟರ್ (30 ಮಿಲಿಬಾರ್), ಕಾಂಬಿ 6 ಹೀಟರ್, ಮೂರು ಬರ್ನರ್ ಒಲೆ, ಗ್ಯಾಸ್‌ನಲ್ಲೂ ಓಡುವ ಫ್ರಿಜ್ ಇವೆ. ಅಕ್ಟೋಬರ್‌ನಲ್ಲಿ ಫ್ರಾನ್ಸ್, ಸ್ಪೇನ್, ಪೋರ್ಚುಗಲ್. ಫೆಬ್ರವರಿಯಲ್ಲಿ ನಾರ್ವೆ ಎಂದು ಯೋಜನೆ.

ಈ ಬೂದು ಸಿಲಿಂಡರ್ ಅನ್ನು ಸ್ಪೇನ್‌ನಲ್ಲಿ ಕೊಟ್ಟು ತುಂಬಿದ್ದು ತೆಗೆದುಕೊಳ್ಳಬಹುದೇ? ಗಾಡಿ ಮಾರಿದವರು ಹಿತ್ತಾಳೆಯ ಅಡಾಪ್ಟರ್ ಒಂದನ್ನೂ ಕೊಟ್ಟಿದ್ದಾರೆ. ಅದನ್ನು ಸಿಲಿಂಡರ್ ಬಾಯಿಗೆ ತಿರುಗಿಸಿ ಯಾವ ಎಲ್‌ಪಿಜಿ ಬಂಕ್‌ನಲ್ಲಾದರೂ ತುಂಬಿಸಿಕೊಳ್ಳಬಹುದು, ದುಡ್ಡು ಅರ್ಧ ಉಳಿಯುತ್ತದೆ ಎಂದರು. ಹೌದೇ? ಬಂಕ್‌ನಲ್ಲೇ ತುಂಬಿಸುವ ವ್ಯವಸ್ಥೆಗೆ ಬದಲಾಯಿಸುವುದಾದರೆ ಏನೇನು ಬೇಕು?

ಗ್ಯಾಸ್_ಮೇಸ್ತ್ರಿ:
ಮೊದಲು ಆ ಅಡಾಪ್ಟರ್ ವಿಚಾರ. ದಯವಿಟ್ಟು ಅದನ್ನು ಬೂದು ಸಿಲಿಂಡರ್‌ಗೆ ಹಾಕಬೇಡಿ. ಕಾನೂನು ಒಪ್ಪುವುದಿಲ್ಲ ಅನ್ನುವುದು ಒಂದು ಮಾತು. ಅದಕ್ಕಿಂತ ಮುಖ್ಯವಾದದ್ದು ಒಳಗೆ ಏನಾಗುತ್ತದೆ ಅನ್ನುವುದು.

11 ಕಿಲೋ ಸಿಲಿಂಡರ್‌ನ ಒಳಗಿನ ಅಳತೆ 27.2 ಲೀಟರ್. ಅದರಲ್ಲಿ ದ್ರವ ತುಂಬಬೇಕಾದ್ದು ಶೇ 80 ಮಾತ್ರ, ಅಂದರೆ ಸುಮಾರು 21.8 ಲೀಟರ್. ದ್ರವ ಪ್ರೊಪೇನ್ ಲೀಟರಿಗೆ ಸುಮಾರು 0.51 ಕಿಲೋ ತೂಗುವುದರಿಂದ ಲೆಕ್ಕ 11 ಕಿಲೋಗೆ ಸರಿಹೋಗುತ್ತದೆ. ಮೇಲಿನ ಶೇ 20 ಜಾಗ ದ್ರವ ಹಿಗ್ಗಲು. ಬಿಸಿಲಿಗೆ ದ್ರವ ಹಿಗ್ಗಿದರೂ ಮೇಲೆ ಆವಿ ಇರುವ ತನಕ ಒತ್ತಡ ಏರುವುದು ನಿಧಾನ: 20 ಡಿಗ್ರಿಯಲ್ಲಿ ಸುಮಾರು 8 ಬಾರ್, 50 ಡಿಗ್ರಿಯಲ್ಲಿ 17 ಬಾರ್ ಆಸುಪಾಸು. ಜಾಗವೇ ಇಲ್ಲದಂತೆ ದ್ರವ ತುಂಬಿಬಿಟ್ಟರೆ ಒಂದೊಂದು ಡಿಗ್ರಿಗೂ ಹಲವು ಬಾರ್ ಏರುತ್ತದೆ. ಆಗ ಸೇಫ್ಟಿ ವಾಲ್ವ್ ತೆರೆದು ಗ್ಯಾಸ್ ಹೊರಗೆ ಚಿಮ್ಮುತ್ತದೆ. ನಿಮ್ಮ ಗಾಡಿಯಲ್ಲಿ ಆ 'ಹೊರಗೆ' ಎಂದರೆ ಮಲಗುವ ಜಾಗದ ಪಕ್ಕದ ಪೆಟ್ಟಿಗೆ.

ತುಂಬಿಸುವ ಕಾರ್ಖಾನೆಯಲ್ಲಿ ಸಿಲಿಂಡರ್ ಅನ್ನು ತೂಕದ ಮೇಲೆ ಇಟ್ಟು ತುಂಬುತ್ತಾರೆ. ಬಂಕ್‌ನ ಪಂಪ್‌ಗೆ ತೂಕ ಗೊತ್ತಿಲ್ಲ, ಎದುರಿನಿಂದ ಯಾರಾದರೂ ತಡೆಯುವ ತನಕ ತಳ್ಳುತ್ತಲೇ ಇರುತ್ತದೆ. ತಡೆಯುವ ಕೆಲಸ ಮಾಡುವುದು ಶೇ 80ರ ಫ್ಲೋಟ್ ವಾಲ್ವ್ (ದ್ರವದ ಮಟ್ಟ ಏರಿದಾಗ ತೇಲಿ ತಾನೇ ಮುಚ್ಚುವುದು). ಅದು ನಿಮ್ಮ ಬೂದು ಸಿಲಿಂಡರ್‌ನಲ್ಲಿ ಇಲ್ಲ. 'ಮೀಟರ್ ನೋಡಿಕೊಂಡು 20 ಲೀಟರ್‌ಗೆ ನಿಲ್ಲಿಸುತ್ತೇನೆ' ಅನ್ನುವವರಿದ್ದಾರೆ. ಒಳಗೆ ಮೊದಲೇ ಎಷ್ಟು ಉಳಿದಿತ್ತು ಎಂದು ತೂಗಿ ನೋಡದೆ ಆ ಲೆಕ್ಕಕ್ಕೆ ಅರ್ಥವಿಲ್ಲ.

ಬೂದು ಸಿಲಿಂಡರ್ ಜರ್ಮನಿಯೊಳಗೆ ಯಾವ ಅಂಗಡಿಯಲ್ಲಾದರೂ ಬದಲಾಗುತ್ತದೆ. ಗಡಿ ದಾಟಿದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಅಲ್ಲಿನ ಸಿಲಿಂಡರ್ ಬಾಡಿಗೆಗೆ ಪಡೆದರೆ ಬಾಯಿ ಬೇರೆ. ಅದನ್ನು ನಿಮ್ಮ ಹೋಸ್‌ಗೆ ಜೋಡಿಸಲು ನಾಲ್ಕು ತುಂಡಿನ 'ಯೂರೋ ಎಂಟ್‌ನಾಮೆ' ಸೆಟ್ ಸಿಗುತ್ತದೆ. ಪಕ್ಕದಲ್ಲೇ 'ಯೂರೋ ಫ್ಯುಲ್' ಸೆಟ್ ಎಂಬುದೂ ಇರುತ್ತದೆ. ಅದು ಹೊರದೇಶದ ತುಂಬಿಸುವ ಘಟಕದಲ್ಲಿ ಜರ್ಮನ್ ಸಿಲಿಂಡರ್ ತುಂಬಿಸಲು, ಅದೂ ಅಲ್ಲಿಯ ಕೆಲಸಗಾರರ ಕೈಯಲ್ಲಿ. ನೋಡಲು ಎರಡೂ ಒಂದೇ ತರಹದ ಡಬ್ಬಿ, ಕೊಳ್ಳುವಾಗ ಹೆಸರು ಓದಿ.

ಬಂಕ್‌ನಲ್ಲೇ ತುಂಬಿಸಬೇಕೆಂದರೆ ಬೇಕಾದ್ದು 'ಟಾಂಕ್‌ಫ್ಲಾಶೆ'. ನೋಡಲು ಸಿಲಿಂಡರ್‌ನಂತೆಯೇ, ಆದರೆ ಶೇ 80ರ ತಡೆ, ಮಟ್ಟ ತೋರಿಸುವ ಗೇಜ್, ತುಂಬಲು ಬೇರೆ ವಾಲ್ವ್, ಬಳಸಲು ಬೇರೆ ವಾಲ್ವ್ ಇರುತ್ತವೆ. ಅಲ್ಯೂಮಿನಿಯಂನದು ಮುನ್ನೂರು ಯೂರೋ ದಾಟುತ್ತದೆ, ಸ್ಟೀಲ್ ಕಡಿಮೆ. ಜೊತೆಗೆ ಗಾಡಿಯ ಪಕ್ಕದಲ್ಲಿ ಕೂರಿಸುವ ತುಂಬುವ ಬಾಯಿ, ಅಲ್ಲಿಂದ ಸಿಲಿಂಡರ್‌ಗೆ ಹೋಗುವ ಹೈ ಪ್ರೆಷರ್ ಹೋಸ್, ಮತ್ತು ಸ್ಪ್ಯಾನರ್ ಇಲ್ಲದೆ ಬಿಚ್ಚಲಾಗದ ಗಟ್ಟಿ ಬ್ರಾಕೆಟ್. ಬಾಯಿ ಹೊರಗಡೆ ಇದ್ದು ಸಿಲಿಂಡರ್ ಗಾಡಿಗೆ ಬಿಗಿದಿದ್ದರೆ ಬಂಕ್‌ನವರು ಅದನ್ನು ಟ್ಯಾಂಕ್ ಎಂದು ನೋಡುತ್ತಾರೆ. ಪೆಟ್ಟಿಗೆ ಬಾಗಿಲು ತೆಗೆದು ಸಿಲಿಂಡರ್‌ಗೇ ನಳಿಕೆ ಸಿಕ್ಕಿಸಲು ಹೋದರೆ ಹೆಚ್ಚಿನ ಕಡೆ ಬೇಡವೆನ್ನುತ್ತಾರೆ, ಅವರು ಮಾಡುವುದು ಸರಿಯೇ.

ಎರಡನ್ನೂ ಬದಲಿಸಬೇಡಿ ಎಂಬುದು ನನ್ನ ಸಲಹೆ. ಒಂದು ಟಾಂಕ್‌ಫ್ಲಾಶೆ, ಇನ್ನೊಂದು ಈಗಿರುವ ಬೂದು ಸಿಲಿಂಡರ್. ಡ್ಯುಯೋಕಂಟ್ರೋಲ್ ಒಂದು ಮುಗಿದಾಗ ತಾನೇ ಇನ್ನೊಂದಕ್ಕೆ ಹೊರಳುತ್ತದೆ. ಬೂದು ಸಿಲಿಂಡರ್ ಆಪತ್ತಿಗೆ ಇರಲಿ.

ಲೀಡ್ಸ್_ಕನ್ನಡಿಗ:
ಮೇಸ್ತ್ರಿಯವರು ಹೇಳಿದ್ದಕ್ಕೆ, ಗಾಡಿಯ ತುಂಬುವ ಬಾಯಿಗೆ ಹಾಕುವ ಅಡಾಪ್ಟರ್‌ಗಳ ಕಥೆ ಸೇರಿಸುತ್ತೇನೆ. ಯುರೋಪಿನಲ್ಲಿ ಬಂಕ್ ನಳಿಕೆ ನಾಲ್ಕು ಬಗೆ. ಜರ್ಮನಿ, ಬೆಲ್ಜಿಯಂನಲ್ಲಿ ಆಕ್ಮೆ (ದಪ್ಪ ಮರೆ, ಅಂದರೆ ಥ್ರೆಡ್, ಇರುವುದು; ತಿರುಗಿಸಿ ಹಾಕುವುದು). ಫ್ರಾನ್ಸ್, ಇಟಲಿ, ಪೋಲೆಂಡ್‌ನಲ್ಲಿ ಡಿಶ್. ಬ್ರಿಟನ್, ನೆದರ್ಲೆಂಡ್ಸ್‌ನಲ್ಲಿ ಬಯೋನೆಟ್. ಸ್ಪೇನ್, ಪೋರ್ಚುಗಲ್‌ನಲ್ಲಿ ಯೂರೋನಾಝಲ್, ಹಳೆಯ ಬಂಕ್‌ಗಳಲ್ಲಿ ಇನ್ನೂ ಡಿಶ್. ನಿಮ್ಮ ಅಕ್ಟೋಬರ್ ದಾರಿಗೆ ಆಕ್ಮೆ, ಡಿಶ್, ಯೂರೋನಾಝಲ್ ಮೂರೂ ಬೇಕು. ಕೊಳ್ಳುವ ಮೊದಲು ತುಂಬುವ ಬಾಯಿಯ ಮರೆ ಅಳತೆ ನೋಡಿ. ಎಂ10, ಎಂ22, ಡಬ್ಲ್ಯೂ21.8 ಎಲ್ಲ ಬೇರೆ ಬೇರೆ. ಅಡಾಪ್ಟರ್ ಕೈಯಲ್ಲೇ ಬಿಗಿಯಬೇಕು. ವಾಷರ್ ಇಲ್ಲದ ಅಡಾಪ್ಟರ್ ಅನ್ನು ಸ್ಪ್ಯಾನರ್ ಹಾಕಿ ಎಷ್ಟು ಬಿಗಿದರೂ ಸೋರುತ್ತದೆ.

ಎರಡೂ ಸಿಲಿಂಡರ್ ತುಂಬಿಸುವ ಮಾದರಿ ಮಾಡುವವರಿಗೆ ಒಂದು ಮಾತು: ಒಂದೇ ಬಾಯಿಯಿಂದ 'T' ಆಕಾರದ ಕವಲು ಹಾಕಿ ಎರಡಕ್ಕೂ ಕೊಡುವಾಗ ನಡುವೆ ನಾನ್-ರಿಟರ್ನ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಬಿಡುವುದು) ಇರಲೇಬೇಕು. ಇಲ್ಲದಿದ್ದರೆ ಬಿಸಿ ಇರುವ ಸಿಲಿಂಡರ್‌ನಿಂದ ತಣ್ಣಗಿರುವುದಕ್ಕೆ ಗ್ಯಾಸ್ ಹರಿದು ಒಂದು ಶೇ 80 ದಾಟಿಬಿಡುತ್ತದೆ.

ಬ್ರಿಟನ್ ಕಡೆ ಬರುವುದಾದರೆ: ಇಲ್ಲಿ ಎಲ್‌ಪಿಜಿ ಇರುವ ಬಂಕ್‌ಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ನಕ್ಷೆ ನೋಡಿ ಹೊರಡಿ. ಯೂರೋಟನಲ್‌ನಲ್ಲಿ (ಫ್ರಾನ್ಸ್-ಬ್ರಿಟನ್ ನಡುವೆ ಸಮುದ್ರದಡಿಯ ಸುರಂಗದಲ್ಲಿ ಗಾಡಿ ಒಯ್ಯುವ ರೈಲು) ಎಲ್‌ಪಿಜಿಯಲ್ಲೇ ಓಡುವ ಎಂಜಿನ್ ಇರುವ ಗಾಡಿಗೆ ಪ್ರವೇಶವಿಲ್ಲ. ಅಡುಗೆ, ಹೀಟರ್‌ಗೆ ಇರುವ ಗ್ಯಾಸ್ ಮಿತಿಯೊಳಗಿದ್ದರೆ ಸಾಕು, ವಾಲ್ವ್ ಮುಚ್ಚಿರಬೇಕು.

ನೆಕರ್_ತೀರ:
ತುಂಬಾ ಉಪಕಾರವಾಯಿತು. ಅಡಾಪ್ಟರ್ ಪಕ್ಕಕ್ಕಿಟ್ಟೆ. ಒಂದು ಟಾಂಕ್‌ಫ್ಲಾಶೆ, ಒಂದು ಬೂದು ಎಂದು ತೀರ್ಮಾನ. ಬಂಕ್‌ನಲ್ಲಿ ತುಂಬಿಸುವ ಕ್ರಮ ಹೇಗೆ? ಮತ್ತೆ ನಾರ್ವೆ ಚಳಿಗೆ ಏನು ನೋಡಿಕೊಳ್ಳಬೇಕು?

ಗ್ಯಾಸ್_ಮೇಸ್ತ್ರಿ:
ಬಂಕ್‌ಗೆ ತಿರುಗುವ ಮೊದಲೇ ಎರಡೂ ಸಿಲಿಂಡರ್‌ನ ಬಳಸುವ ವಾಲ್ವ್ ಮುಚ್ಚಿ. ಹೀಟರ್ ಮತ್ತು ಫ್ರಿಜ್ ಆಫ್ ಮಾಡಿ. ಫ್ರಿಜ್ ಬಗ್ಗೆ ವಿಶೇಷ ಗಮನ ಇರಲಿ: 'ಆಟೋ'ದಲ್ಲಿ ಬಿಟ್ಟರೆ ಎಂಜಿನ್ ನಿಂತಾಗ ಅದು ತಾನೇ ಗ್ಯಾಸ್‌ಗೆ ಹೊರಳಿ ಕಿಡಿ ಹಾರಿಸುತ್ತದೆ. ಬಂಕ್‌ಗಾಗಿಯೇ ಹದಿನೈದು ನಿಮಿಷದಷ್ಟು ತಡ ಮಾಡುವ ಮಾದರಿಗಳಿವೆ, ಆದರೆ ಸಾಲು ಉದ್ದ ಇದ್ದರೆ ಆ ಸಮಯ ಮುಗಿದೇ ಹೋಗುತ್ತದೆ.

ಗಾಡಿ ಸಮತಟ್ಟಾಗಿ ನಿಲ್ಲಲಿ. ಓರೆಯಾಗಿದ್ದರೆ ಫ್ಲೋಟ್ ಬೇಗ ಅಥವಾ ತಡವಾಗಿ ಮುಚ್ಚುತ್ತದೆ. ಇದೇ ಕಾರಣಕ್ಕೆ ಟಾಂಕ್‌ಫ್ಲಾಶೆಯನ್ನು ತಯಾರಕರು ಹೇಳಿದ ದಿಕ್ಕಿನಲ್ಲೇ, ನೆಟ್ಟಗೆ ಕೂರಿಸಬೇಕು. ಕೈಗವಸು ಹಾಕಿ. ಅಡಾಪ್ಟರ್ ತಿರುಗಿಸಿ, ನಳಿಕೆ ಸಿಕ್ಕಿಸಿ, ಲಾಕ್ ಮಾಡಿ, ಪಂಪ್‌ನ ಗುಂಡಿ ಒತ್ತಿ ಹಿಡಿಯಿರಿ. ಕೈ ಬಿಟ್ಟರೆ ನಿಲ್ಲುತ್ತದೆ. ಕೊನೆಯಲ್ಲಿ ಹರಿವು ನಿಧಾನವಾಗಿ ನಿಲ್ಲುತ್ತದೆ, ಮತ್ತೆ ಮತ್ತೆ ಒತ್ತಿ ಇನ್ನಷ್ಟು ತುಂಬಿಸಲು ಹೋಗಬೇಡಿ. ಪೂರ್ತಿ ಖಾಲಿಯಾಗಿದ್ದರೂ 22 ಲೀಟರ್ ದಾಟಬಾರದು. ದಾಟಿದರೆ ಫ್ಲೋಟ್ ಕೆಟ್ಟಿದೆ ಎಂದೇ ಅರ್ಥ, ಕೂಡಲೇ ನಿಲ್ಲಿಸಿ ತೋರಿಸಿ. ನಳಿಕೆ ತೆಗೆಯುವಾಗ 'ಪುಸ್' ಎಂದು ಸ್ವಲ್ಪ ದ್ರವ ಬರುವುದು ಸಹಜ. ಅದು ಚರ್ಮಕ್ಕೆ ತಾಗಿದರೆ ಸುಟ್ಟಂತೆ ಗಾಯ ಮಾಡುತ್ತದೆ. ಅದಕ್ಕೇ ಕೈಗವಸು.

ಹೊಸ ಟಾಂಕ್‌ಫ್ಲಾಶೆಯೊಳಗೆ ಗಾಳಿ ಉಳಿದಿದ್ದರೆ ಮೊದಲ ಸಲ ಒಲೆ ಹೊತ್ತುವುದಿಲ್ಲ, ಹೀಟರ್ ದೋಷ ತೋರಿಸುತ್ತದೆ. ಗಾಳಿ ತೆಗೆದದ್ದೇ ಎಂದು ಮಾರುವವರನ್ನು ಕೇಳಿ. ಬಳಸುವ ಬಾಯಿ ಎಡಮರೆ, ಬಿಗಿಯಲು ಎಡಕ್ಕೆ ತಿರುಗಿಸಬೇಕು. ಹೋಸ್‌ನಲ್ಲಿರುವ ಹಸಿರು ಗುಂಡಿ ಹೋಸ್ ಹರಿದರೆ ಗ್ಯಾಸ್ ನಿಲ್ಲಿಸುವ ಸಾಧನದ್ದು. ಸಿಲಿಂಡರ್ ಬದಲಿಸಿದ ಮೇಲೆ ವಾಲ್ವ್ ತೆರೆದು ಅದನ್ನು ಒಮ್ಮೆ ಒತ್ತದಿದ್ದರೆ ಗ್ಯಾಸೇ ಬರುವುದಿಲ್ಲ. 'ರೆಗ್ಯುಲೇಟರ್ ಹೋಯಿತು' ಎಂದು ಬರುವ ದೂರುಗಳಲ್ಲಿ ಎಷ್ಟೋ ಇದೇ. ಕೊನೆಗೆ ಸೋಪಿನ ನೀರು ಬಳಿದು ಗುಳ್ಳೆ ಬರುತ್ತದೆಯೇ ನೋಡಿ.

ಪೆಟ್ಟಿಗೆಯ ತಳದ ತೂತು ಮುಚ್ಚಬೇಡಿ, ಚಳಿಗೆಂದು ಬಟ್ಟೆ ತುರುಕಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಇಳಿದು ಹೋಗಲು ದಾರಿ ಬೇಕು. ಯುರೋಪಿನ ಇಎನ್ 1949 ಮಾನಕದಂತೆ ಆ ತೂತು ತಳದ ವಿಸ್ತೀರ್ಣದ ಶೇ 2, ಕನಿಷ್ಠ 100 ಚದರ ಸೆಂಟಿಮೀಟರ್ ಇರಬೇಕು.

ಗಾಡಿಯ ಗ್ಯಾಸ್ ವ್ಯವಸ್ಥೆಗೆ ಜಿ 607 ಎಂಬ ಸುರಕ್ಷತಾ ತಪಾಸಣೆಯನ್ನೂ ಮಾಡಿಸಿ. ಜರ್ಮನಿಯಲ್ಲಿ 2025ರ ಜೂನ್‌ನಿಂದ ಎರಡು ವರ್ಷಕ್ಕೊಮ್ಮೆ ಕಡ್ಡಾಯ. ರೆಗ್ಯುಲೇಟರ್ ಮತ್ತು ಹೋಸ್‌ಗಳ ಆಯಸ್ಸು ಹತ್ತು ವರ್ಷ. 2014ರ ಗಾಡಿಯಲ್ಲಿ ಮೂಲ ಭಾಗಗಳೇ ಇದ್ದರೆ ಅವಧಿ ಮುಗಿದಿದೆ, ಅವುಗಳ ಮೇಲೆ ಅಚ್ಚಾದ ದಿನಾಂಕ ನೋಡಿ. ಟಾಂಕ್‌ಫ್ಲಾಶೆ ಹಾಕಿಸಿದ ಮೇಲೆ ತಪಾಸಣೆ ಮಾಡಿಸಿದರೆ ಎರಡು ಸಲ ದುಡ್ಡು ಕೊಡುವುದು ತಪ್ಪುತ್ತದೆ.

ಹಿಮದ_ದಾರಿ:
ನಾರ್ವೆ ಪ್ರಶ್ನೆಗೆ. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ, ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲಿ. ಮೈನಸ್ 10ರ ರಾತ್ರಿ ಸಿಲಿಂಡರ್‌ನಲ್ಲಿ ಬ್ಯೂಟೇನ್ ಇದ್ದರೆ ಅದು ದ್ರವವಾಗಿಯೇ ಕೂತಿರುತ್ತದೆ. ಗೇಜ್ ಕಾಲುಭಾಗ ತೋರಿಸುತ್ತದೆ, ಹೀಟರ್ ಆರಿಹೋಗುತ್ತದೆ.

ಇದರ ಮೂಲ ಬಂಕ್‌ನ ಗ್ಯಾಸ್. ವಾಹನಗಳ ಎಲ್‌ಪಿಜಿ ಪ್ರೊಪೇನ್, ಬ್ಯೂಟೇನ್ ಮಿಶ್ರಣ. ಬೇಸಿಗೆಯಲ್ಲಿ, ಅದರಲ್ಲೂ ದಕ್ಷಿಣದ ದೇಶಗಳಲ್ಲಿ ಬ್ಯೂಟೇನ್ ಪಾಲು ಜಾಸ್ತಿ. ಬಳಸುವಾಗ ಮೊದಲು ಆವಿಯಾಗುವುದು ಪ್ರೊಪೇನ್, ಅಡಿಯಲ್ಲಿ ಬ್ಯೂಟೇನ್ ಉಳಿಯುತ್ತದೆ. ಅರ್ಧ ಖಾಲಿಯಾದಾಗಲೆಲ್ಲ ಮೇಲೆ ತುಂಬಿಸುತ್ತಾ ಹೋದರೆ ಆ ಪಾಲು ಏರುತ್ತಲೇ ಇರುತ್ತದೆ. ನೀವು ಅಕ್ಟೋಬರ್‌ನಲ್ಲಿ ಸ್ಪೇನ್‌ನಲ್ಲಿ ತುಂಬಿಸಿ ಅದನ್ನೇ ಫೆಬ್ರವರಿಗೆ ಉತ್ತರಕ್ಕೆ ಒಯ್ದರೆ ಆಗುವುದು ಇದೇ. ಹೊರಡುವ ಮೊದಲು ಟಾಂಕ್‌ಫ್ಲಾಶೆಯನ್ನು ಮನೆಯ ಬಳಿ ಪೂರ್ತಿ ಉರಿಸಿ ಖಾಲಿ ಮಾಡಿ, ಚಳಿಗಾಲದ ಗ್ಯಾಸ್ ಕೊಡುವ ಬಂಕ್‌ನಲ್ಲಿ ಹೊಸದಾಗಿ ತುಂಬಿಸಿ. ಬೂದು ಸಿಲಿಂಡರ್‌ನಲ್ಲಿ ಬರುವುದು ಪ್ರೊಪೇನ್, ಅದನ್ನು ಕಡುಚಳಿಗೆ ಮೀಸಲಿಡಿ. ಉತ್ತರಕ್ಕೆ ಹೋದಷ್ಟೂ ಎಲ್‌ಪಿಜಿ ಬಂಕ್ ವಿರಳ. ಕ್ಯಾಂಪಿಂಗ್‌ಗಾಜ್ ಕಂಪನಿಯ ನೀಲಿ 907 ಸಿಲಿಂಡರ್ (2.75 ಕಿಲೋ) ಹಲವು ದೇಶಗಳಲ್ಲಿ ಸಿಕ್ಕೀತು, ಆದರೆ ಅದು ಬ್ಯೂಟೇನ್. ಪೋರ್ಚುಗಲ್‌ನಲ್ಲಿ ಚಹಾ ಮಾಡಲು ಸರಿ, ನಾರ್ವೆಗೆ ಬೇಡ.

ಎಷ್ಟು ಬೇಕಾದೀತು? ಕಾಂಬಿ 6 ಗಂಟೆಗೆ 160ರಿಂದ 480 ಗ್ರಾಂ ಉರಿಸುತ್ತದೆ. ಪೂರ್ತಿ ಜೋರಿನಲ್ಲಿ 11 ಕಿಲೋ 23 ಗಂಟೆ. ಸರಾಸರಿ 250 ಗ್ರಾಂ ಹಿಡಿದರೆ 44 ಗಂಟೆ. ಇನ್ನೊಂದು ಮಿತಿ: 11 ಕಿಲೋ ಸಿಲಿಂಡರ್ ನಿರಂತರವಾಗಿ ಕೊಡಬಲ್ಲದ್ದು ಗಂಟೆಗೆ ಸುಮಾರು 300 ಗ್ರಾಂ. ಅದಕ್ಕಿಂತ ಹೆಚ್ಚು ಎಳೆದರೆ ದ್ರವ ತನ್ನನ್ನೇ ತಂಪು ಮಾಡಿಕೊಂಡು ಹೊರಮೈಗೆ ಹಿಮ ಕಟ್ಟುತ್ತದೆ, ಒತ್ತಡ ಬೀಳುತ್ತದೆ. ಹಾಗಾಗಿ ಗಾಡಿಯನ್ನು ತಣ್ಣಗೆ ಬಿಟ್ಟು ಸಂಜೆ ಒಮ್ಮೆಲೇ ಬಿಸಿ ಮಾಡುವುದಕ್ಕಿಂತ ದಿನವಿಡೀ 15 ಡಿಗ್ರಿಯಲ್ಲಿ ಹಿಡಿದಿಡುವುದು ಮೇಲು.

ಬಂಕ್ ಗ್ಯಾಸ್‌ನಲ್ಲಿ ಎಣ್ಣೆಯಂಥ ಜಿಡ್ಡೂ ಇರುತ್ತದೆ, ಅದು ರೆಗ್ಯುಲೇಟರ್ ಹಾಳುಮಾಡುತ್ತದೆ. ರೆಗ್ಯುಲೇಟರ್ ಮುಂದೆ ಗ್ಯಾಸ್ ಫಿಲ್ಟರ್ ಹಾಕಿಸಿ. ರೆಗ್ಯುಲೇಟರ್ ಹೆಪ್ಪುಗಟ್ಟದಂತೆ 12 ವೋಲ್ಟ್‌ನ ಪುಟ್ಟ ಹೀಟರ್ ಸಿಗುತ್ತದೆ, ನಾರ್ವೆಗೆ ಅದೂ ಬೇಕು.

ಕುಕ್ಕರಹಳ್ಳಿ:
ಮೈಸೂರಿನಿಂದ. ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾಂಪರ್ ಮಾಡಿಸುತ್ತಿದ್ದೇವೆ. ಇಲ್ಲಿ ಆಟೋ ಎಲ್‌ಪಿಜಿ ಬಂಕ್‌ನಲ್ಲಿ ಅಡುಗೆ ಸಿಲಿಂಡರ್ ತುಂಬಿಸಲು ಸಾಧ್ಯವೇ? ಅಂಗಡಿಗಳಲ್ಲಿ ದೊಡ್ಡ ಸಿಲಿಂಡರ್‌ನಿಂದ ಚಿಕ್ಕದಕ್ಕೆ ತುಂಬಿಕೊಡುವವರಂತೂ ಇದ್ದಾರೆ.

ಗ್ಯಾಸ್_ಮೇಸ್ತ್ರಿ:
ಸಾಧ್ಯವಿಲ್ಲ, ಸರ್. ಭಾರತದಲ್ಲಿ ಆಟೋ ಎಲ್‌ಪಿಜಿ ಹೋಗಬೇಕಾದ್ದು ವಾಹನಕ್ಕೆ ಅಳವಡಿಸಿದ ಅನುಮೋದಿತ ಇಂಧನ ಟ್ಯಾಂಕ್‌ಗೆ ಮಾತ್ರ. ಒಂದು ಸಿಲಿಂಡರ್‌ನಿಂದ ಇನ್ನೊಂದಕ್ಕೆ ಸುರಿಯುವುದನ್ನು 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ನಿಷೇಧಿಸಿವೆ. ಅಂಗಡಿಯಲ್ಲಿ ತೂಕ ಸರಿಯಾಗಿ ನೋಡದೆ, ಕೊಠಡಿಯೊಳಗೇ ತುಂಬುತ್ತಾರೆ. ಅಪಾಯ ನಾನು ಮೇಲೆ ಹೇಳಿದ್ದೇ.

ನಿಮಗೆ ಹೊಂದುವುದು 5 ಕಿಲೋ ಸಿಲಿಂಡರ್, ಇಂಡೇನ್‌ನಲ್ಲಿ 'ಛೋಟು' ಎನ್ನುತ್ತಾರೆ. ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಏಜೆನ್ಸಿ, ಹಲವು ಪೆಟ್ರೋಲ್ ಬಂಕ್, ಕಿರಾಣಿ ಅಂಗಡಿಗಳಲ್ಲಿ ಖಾಲಿ ಕೊಟ್ಟು ತುಂಬಿದ್ದು ಪಡೆಯಬಹುದು. ಎರಡು ಇಟ್ಟುಕೊಳ್ಳಿ. ರೆಗ್ಯುಲೇಟರ್ ಅನ್ನು ಸಿಲಿಂಡರ್ ಜೊತೆಯಲ್ಲೇ ಕೊಂಡು ಅಲ್ಲೇ ಜೋಡಿಸಿ ನೋಡಿ, ಮನೆಯ 14.2 ಕಿಲೋದ್ದು ಕೂರುತ್ತದೆಂದು ನಂಬಬೇಡಿ. ಹೊರಗೆ ತೆರೆಯುವ ಬಾಗಿಲಿನ, ಒಳಗಿನ ಕಡೆ ಪೂರ್ತಿ ಮುಚ್ಚಿದ ಪೆಟ್ಟಿಗೆ, ತಳದಲ್ಲಿ ತೂತು, ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಬೆಲ್ಟ್ ಬಿಗಿಯುವುದು, ಇವು ಇಲ್ಲಿಗೂ ಅಲ್ಲಿಗೂ ಒಂದೇ. ಗಾಡಿ ಓಡುವಾಗ ವಾಲ್ವ್ ಮುಚ್ಚಿರಲಿ, ರೆಗ್ಯುಲೇಟರ್ ಬಿಚ್ಚಿ ಮುಚ್ಚಳ ಹಾಕಿಟ್ಟರೆ ಇನ್ನೂ ಒಳ್ಳೆಯದು.

ನಮ್ಮ ಅಡುಗೆ ಗ್ಯಾಸ್‌ನಲ್ಲಿ ಬ್ಯೂಟೇನ್ ಪಾಲು ಹೆಚ್ಚು. ಮೈಸೂರು, ಕೊಡಗಿನಲ್ಲಿ ಏನೂ ತೊಂದರೆಯಿಲ್ಲ. ಚಳಿಗಾಲದಲ್ಲಿ ಮನಾಲಿ, ಲಡಾಖ್ ಕಡೆ ಹೋದರೆ ಬೆಳಗಿನ ಹೊತ್ತು ಜ್ವಾಲೆ ಸಣ್ಣಗಾಗುತ್ತದೆ. ಆಗ ಸಿಲಿಂಡರ್ ಅನ್ನು ಉಗುರುಬೆಚ್ಚಗಿನ ನೀರಿನ ಬೇಸಿನ್‌ನಲ್ಲಿ ನಿಲ್ಲಿಸಿ. ಕುದಿನೀರು ಸುರಿಯುವುದು, ಕೆಳಗೆ ಬೆಂಕಿ ಹಿಡಿಯುವುದು ಯಾವ ಕಾರಣಕ್ಕೂ ಬೇಡ.