ಸಹಾಯ ಬೇಕು: ಅಪ್ರೆಂಟಿಸ್‌ಗಳನ್ನು ಆರಿಸಲು ಕನ್ನಡದಲ್ಲಿ ಟೆಸ್ಟ್ ಮಾಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ತುಮಕೂರಿನ ಅಂತರಸನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ, 34 ಜನ ಇದ್ದೇವೆ. 30 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅದು ನನಗೆ ಖುಷಿಯೇ. ಕಷ್ಟ ಆಗುತ್ತಿರುವುದು ಆಯ್ಕೆ ಮಾಡುವಾಗ.

ಹೋದ ವರ್ಷ 3 ಜಾಗಕ್ಕೆ ಐಟಿಐ ಮುಗಿಸಿದ 40 ಹುಡುಗರು ಬಂದರು. ನೆಟ್‌ನಲ್ಲಿ ಸಿಕ್ಕಿದ ಒಂದು ಇಂಗ್ಲಿಷ್ ಆಪ್ಟಿಟ್ಯೂಡ್ ಪೇಪರ್ ಕೊಟ್ಟೆ. ಪಾವಗಡ ಕಡೆಯ ಒಬ್ಬ ಹುಡುಗನಿಗೆ ಬಹಳ ಕಡಿಮೆ ಅಂಕ ಬಂತು, ಆದರೆ ಹೊರಡುವ ಮುಂಚೆ ಅವನು ಲೇತ್ ಹತ್ತಿರ ನಿಂತು, ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಕೇಳಿ ತೆಗೆದುಕೊಂಡು, ಒಂದು ಶಾಫ್ಟ್ ಅಳೆದು 0.02 ಮಿಮೀವರೆಗೆ ಸರಿಯಾಗಿ ಹೇಳಿಬಿಟ್ಟ. ನಾನು ಪರೀಕ್ಷೆ ಮಾಡಿದ್ದು ಅವನ ಇಂಗ್ಲಿಷನ್ನು, ಕೈಯನ್ನಲ್ಲ ಅಲ್ವಾ? ಅಷ್ಟು ಹೊತ್ತಿಗೆ ಪಟ್ಟಿ ಹಾಕಿ ಆಗಿತ್ತು. ಅವನನ್ನು ಕಳಿಸಿದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಈ ಸಲ ಹಾಗಾಗಬಾರದು. ಒಂದು ಗೇರ್ ಬಲಕ್ಕೆ ತಿರುಗಿದರೆ ಮೂರನೆಯದು ಯಾವ ಕಡೆ ತಿರುಗುತ್ತದೆ, ಮಡಚಿದ ತಗಡು ಬಿಚ್ಚಿದರೆ ಯಾವ ಆಕಾರ ಬರುತ್ತದೆ, ಇಂಥ ಚಿತ್ರದ ಪ್ರಶ್ನೆಗಳು ಕನ್ನಡದಲ್ಲಿ ಬೇಕು. ಜೊತೆಗೆ ಅರ್ಧ ಗಂಟೆ ಫೈಲಿಂಗ್ (ಅರದಿಂದ ಲೋಹ ಉಜ್ಜುವುದು), ಅಳತೆ ಕೆಲಸ ಕೊಟ್ಟು ನೋಡಬೇಕು ಅಂತಿದ್ದೇನೆ.

ಈ ಕೈಕೆಲಸಕ್ಕೆ ಎಷ್ಟು ಅಂಕ, ಪೇಪರಿಗೆ ಎಷ್ಟು ಇಡಬೇಕು? ಐಟಿಐ ಮೇಷ್ಟ್ರುಗಳು, ಫೋರ್‌ಮನ್‌ಗಳು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ನೀವು ಬಳಸಿದ ಪ್ರಶ್ನೆಗಳಿದ್ದರೆ ಇಲ್ಲೇ ಹಾಕಿ, ಮುಂದಿನ ತಿಂಗಳೇ ಆಯ್ಕೆ ಇದೆ.