ಮೇಜರ್ ವರ್ಷನ್ 65 ಎರರ್: ಎಲ್ಲಾ ಅಪ್‌ಗ್ರೇಡ್ ಮಾಡೋದಾ, ಹಳೇದನ್ನೇ ಹಿಡ್ಕೊಳ್ಳೋದಾ? ಅನುಭವ ಇದ್ದೋರು ಹೇಳ್ರಿ

ಹುಬ್ಬಳ್ಳಿ_ಬಿಲ್ಡ್
ನಮಸ್ಕಾರ್ರಿ. ಫ್ಲಟರ್ (ಮೊಬೈಲ್ ಆ್ಯಪ್ ಬರಿಯೋ ಟೂಲ್‌ಕಿಟ್) 3.16ರ ಹಳೇ ಪ್ರಾಜೆಕ್ಟ್ ಒಂದೈತಿ. ಗ್ರೇಡಲ್ (ಬಿಲ್ಡ್ ಮಾಡೋ ಟೂಲ್) 7.5, ಎಜಿಪಿ (ಅದರ ಆಂಡ್ರಾಯ್ಡ್ ಪ್ಲಗಿನ್) 7.3.0, ಕೋಟ್ಲಿನ್ ಭಾಷೆ 1.7.10. ಆಂಡ್ರಾಯ್ಡ್ ಸ್ಟುಡಿಯೊ ಲೇಡಿಬಗ್‌ಗೆ ಏರಿಸಿದ ಮ್ಯಾಲೆ ‘ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65’ ಅಂತ ನಿಂತ್ಬಿಟ್ಟೈತಿ. ಪ್ಲೇ ಸ್ಟೋರ್ ಬ್ಯಾರೆ ಟಾರ್ಗೆಟ್ 35 (ಆಂಡ್ರಾಯ್ಡ್ 15) ಕೇಳಾಕತ್ತೈತಿ. ಪ್ಲಗಿನ್ 23 ಅದಾವು, ಅದ್ರಾಗ ಮೂರಕ್ಕ ವಾರಸುದಾರರೇ ಇಲ್ಲ. ಲ್ಯಾಪ್‌ಟಾಪ್ 8 ಜಿಬಿ, ವಿಂಡೋಸ್. ನೆಟ್ ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕ 2 ಜಿಬಿ. ಎಲ್ಲಾ ಏರಿಸ್ಲೋ, ಹಳೇದನ್ನ ಹಿಡ್ಕೊಂಡ್ ಕೂಡ್ಲೋ?

ಪಿನ್_ಮಾಡಿ_ಮಲಗಿ
ಏನನ್ನೂ ಏರಿಸ್ಬೇಡಿ. 65ರಲ್ಲಿ 44 ಕಳೀರಿ, 21. ಅಂದ್ರೆ ಜಾವಾ 21. ಲೇಡಿಬಗ್ ಜೊತೆಗೆ ಬರೋ ಜೆಡಿಕೆ (ಜಾವಾ ಕಿಟ್) 21, ನಿಮ್ಮ ಗ್ರೇಡಲ್ 7.5 ಓಡೋದು ಜಾವಾ 18ರವರೆಗೆ ಮಾತ್ರ. ಪ್ರಾಜೆಕ್ಟ್‌ನಲ್ಲಿ ಒಂದಕ್ಷರ ಕೆಟ್ಟಿಲ್ಲ, ಅದನ್ನ ಓಡಿಸೋ ಜಾವಾ ಬದಲಾಗಿದೆ, ಅಷ್ಟೆ.

ಜೆಡಿಕೆ 17 ಬೇರೆಯಾಗಿ ಹಾಕಿ, ‘ಫ್ಲಟರ್ ಕಾನ್ಫಿಗ್ --ಜೆಡಿಕೆ-ಡಿರ್’ ಮುಂದೆ ಅದರ ಫೋಲ್ಡರ್ ಕೊಡಿ. ಜಾವಾ_ಹೋಮ್ ಬದಲಿಸಿ ‘ಆಗ್ಲಿಲ್ಲ’ ಅಂತ ಬರೋರೇ ಜಾಸ್ತಿ. ಫ್ಲಟರ್ ಮೊದಲು ನೋಡೋದು ಈ ಕಾನ್ಫಿಗ್, ಆಮೇಲೆ ಸ್ಟುಡಿಯೊ ಒಳಗಿನ ಜಾವಾ, ಜಾವಾ_ಹೋಮ್ ಸರದಿ ಮೂರನೇದು. ಸ್ಟುಡಿಯೊ ಒಳಗಿನ ಸಿಂಕ್‌ಗೆ ಈ ಕಾನ್ಫಿಗ್ ತಾಗೋದೇ ಇಲ್ಲ. ಅದಕ್ಕೆ ಸೆಟ್ಟಿಂಗ್ಸ್, ಬಿಲ್ಡ್ ಟೂಲ್ಸ್, ಗ್ರೇಡಲ್‌ಗೆ ಹೋಗಿ ಗ್ರೇಡಲ್ ಜೆಡಿಕೆ ಅನ್ನೋದನ್ನ 17 ಮಾಡಬೇಕು. ಕೊನೆಗೆ ‘ಫ್ಲಟರ್ ಡಾಕ್ಟರ್ -ವಿ’ ಕೊಟ್ಟು ಜಾವಾ ಸಾಲು ಓದಿ. ಎಫ್‌ವಿಎಂ (ಫ್ಲಟರ್ ವರ್ಷನ್ ನೋಡ್ಕೊಳ್ಳೋ ಟೂಲ್) ಹಾಕಿ 3.16 ಅನ್ನ ಪ್ರಾಜೆಕ್ಟ್‌ಗೆ ಕಟ್ಟಿಬಿಟ್ರೆ ಮುಗೀತು.

ಏಣಿ_ಮೆಟ್ಟಿಲು
ಮುಗೀಲಿಲ್ಲ ಸಾರ್. ಟಾರ್ಗೆಟ್ 35 ಅಂತ ಅವರು ಬರೆದಿದ್ದನ್ನ ಓದಿದ್ರಾ? ಎಜಿಪಿ 7.3ರಲ್ಲಿ ಕಂಪೈಲ್‌ಎಸ್‌ಡಿಕೆ 35 ಅಂತ ಹಾಕಿದ್ರೆ ‘ಫೇಲ್ಡ್ ಟು ಲೋಡ್ ಇನ್‌ಕ್ಲೂಡ್ ಪಾತ್’ ಅಂತ ಆಂಡ್ರಾಯ್ಡ್-35ರ ಜಾರ್ ಮುಂದೆ ಬೀಳುತ್ತೆ. ಹಳೇ ಎಎಪಿಟಿ2ಗೆ (ರಿಸೋರ್ಸ್ ಕಟ್ಟೋ ಟೂಲ್) ಆ ಜಾರ್ ಓದೋಕೇ ಬರೋದಿಲ್ಲ. 35ಕ್ಕೆ ಬೇಕಾದ್ದು ಎಜಿಪಿ 8.6, ಅದಕ್ಕೆ ಗ್ರೇಡಲ್ 8.7. ಹಳೇ ವರ್ಷನ್‌ಗೇ ಪಿನ್ ಮಾಡಿ ಮಲಗಿದ್ರೆ ಬಿಲ್ಡ್ ಆಗುತ್ತೆ, ಸ್ಟೋರ್‌ಗೆ ಹೋಗಲ್ಲ.

ಒಂದೇ ಏಟಿಗೆ 8.6ಕ್ಕೆ ಹಾರಿದ್ರೆ ನಾಲ್ಕು ಎರರ್ ಒಂದರ ಮೇಲೊಂದು ಬಂದು ಯಾವುದು ಯಾವುದರಿಂದ ಅಂತ ತಿಳಿಯಲ್ಲ. ಮೊದಲು ಜೆಡಿಕೆ 17, ಉಳಿದದ್ದು ಹಾಗೇ ಇರಲಿ, ಬಿಲ್ಡ್ ಆಯ್ತಾ ನೋಡಿ ಕಮಿಟ್. ಆಮೇಲೆ ಗ್ರೇಡಲ್ 7.6, ಎಜಿಪಿ 7.4.2, ಮತ್ತೆ ಕಮಿಟ್. ಆಮೇಲೆ ಕೋಟ್ಲಿನ್ 1.9.24. ಕೊನೆಗೆ ಗ್ರೇಡಲ್ 8.7, ಎಜಿಪಿ 8.6. ರ‍್ಯಾಪರ್ (ಗ್ರೇಡಲ್ ಇಳಿಸಿ ಓಡಿಸೋ ಸ್ಕ್ರಿಪ್ಟ್) ವರ್ಷನ್ ಬದಲಿಸೋಕೆ ಕಮಾಂಡ್ ಕೊಡಬೇಡಿ. ಪ್ರಾಜೆಕ್ಟೇ ಲೋಡ್ ಆಗದೆ ಕಮಾಂಡ್ ಸಾಯುತ್ತೆ. ಗ್ರೇಡಲ್-ರ‍್ಯಾಪರ್ ಪ್ರಾಪರ್ಟೀಸ್ ಫೈಲ್‌ನಲ್ಲಿ ಕೈಯಿಂದಲೇ ತಿದ್ದಿ.

ಎಜಿಪಿ 8ಕ್ಕೆ ಕಾಲಿಟ್ಟ ತಕ್ಷಣ ಬರೋದು ಇವು: ‘ನೇಮ್‌ಸ್ಪೇಸ್ ನಾಟ್ ಸ್ಪೆಸಿಫೈಡ್’, ಏಕೆಂದರೆ ಮ್ಯಾನಿಫೆಸ್ಟ್‌ನ (ಆ್ಯಪ್ ವಿವರದ ಫೈಲ್) ಪ್ಯಾಕೇಜ್ ಸಾಲನ್ನ ಈಗ ನಂಬೋದಿಲ್ಲ. ಬಿಲ್ಡ್‌ಕಾನ್ಫಿಗ್ ಸಿಗ್ತಿಲ್ಲ ಅನ್ನುತ್ತೆ, ಏಕೆಂದರೆ ಡೀಫಾಲ್ಟ್ ಆಫ್ ಆಗಿದೆ, ಬಿಲ್ಡ್‌ಫೀಚರ್ಸ್‌ನಲ್ಲಿ ಟ್ರೂ ಮಾಡಬೇಕು. ಮೂರನೇದು ‘ಇನ್‌ಕನ್ಸಿಸ್ಟೆಂಟ್ ಜೆವಿಎಂ-ಟಾರ್ಗೆಟ್’, ಜಾವಾ ಕಡೆ 1.8, ಕೋಟ್ಲಿನ್ ಕಡೆ 17. ಎರಡೂ ಕಡೆ ಒಂದೇ ಅಂಕೆ ಬರೀರಿ.

ರಿಯಾಕ್ಟ್_ರಾಯರು
ಇದೆಲ್ಲ ಏನೂ ಅಲ್ಲ ಸ್ವಾಮಿ. 2022ರ ನವೆಂಬರ್ 4ರಂದು ರಿಯಾಕ್ಟ್ ನೇಟಿವ್ (ಫ್ಲಟರ್ ಥರದ್ದೇ ಇನ್ನೊಂದು ಟೂಲ್‌ಕಿಟ್) ಆಂಡ್ರಾಯ್ಡ್ ಬಿಲ್ಡ್‌ಗಳು ಯಾರೂ ಏನೂ ಮುಟ್ಟದೆಯೇ ಬಿದ್ದಿದ್ದು ನೆನಪಿದೆಯೇ? ಹಳೇ ಟೆಂಪ್ಲೇಟ್‌ನಲ್ಲಿ ರಿಯಾಕ್ಟ್-ನೇಟಿವ್ ವರ್ಷನ್ ಜಾಗದಲ್ಲಿ ಒಂದು ‘+’ ಇತ್ತು. ನಿಜವಾದ ಲೈಬ್ರರಿ ನೋಡ್ ಮಾಡ್ಯೂಲ್ಸ್ ಫೋಲ್ಡರಿನಲ್ಲೇ ಇತ್ತು. ಆದರೆ ಅವತ್ತು 0.71ರ ಆರ್‌ಸಿ (ಬಿಡುಗಡೆಗೆ ಮುಂಚಿನ ಆವೃತ್ತಿ) ಮೇವನ್ ಸೆಂಟ್ರಲ್ ಎಂಬ ಲೈಬ್ರರಿ ಭಂಡಾರಕ್ಕೆ ಏರಿತು, ‘+’ ಅಂದರೆ ಇರುವುದರಲ್ಲಿ ದೊಡ್ಡದು, ಗ್ರೇಡಲ್ ಅದನ್ನೇ ಎಳೆದುಕೊಂಡಿತು. ಜಾವಾ ಕಡೆ 0.71, ಜೆಎಸ್ ಕಡೆ 0.68. ಪರಿಹಾರ 0.68.5, 0.69.7, 0.70.5 ಅಂತ ಪ್ಯಾಚ್‌ಗಳಲ್ಲಿ ಬಂತು. ಅದು ಬರುವ ತನಕ ರೆಪಾಸಿಟರಿ ಬ್ಲಾಕ್‌ನಲ್ಲಿ ಎಕ್ಸ್‌ಕ್ಲೂಸಿವ್‌ಕಂಟೆಂಟ್ ಬರೆದು ‘ಈ ಗುಂಪಿನ ಲೈಬ್ರರಿ ಈ ಫೋಲ್ಡರಿಂದ ಮಾತ್ರ’ ಅಂತ ಬೇಲಿ ಹಾಕಬೇಕಾಯಿತು.

ಹಾಗಾಗಿ ಪ್ರಾಜೆಕ್ಟ್‌ನಲ್ಲಿ ‘+’ ಎಲ್ಲೆಲ್ಲಿದೆ ಹುಡುಕಿ, ಪ್ಲಗಿನ್‌ಗಳ ಬಿಲ್ಡ್ ಫೈಲ್ ಸೇರಿಸಿ.

ಏಣಿ_ಮೆಟ್ಟಿಲು
ರಾಯರೇ, ಅವರದ್ದು ಫ್ಲಟರ್.

ರಿಯಾಕ್ಟ್_ರಾಯರು
ಗ್ರೇಡಲ್‌ಗೆ ಅದು ಗೊತ್ತಿಲ್ಲ. ‘+’ ಎಲ್ಲಿದ್ದರೂ ‘+’.

ಕ್ಲೀನ್_ಕುಮಾರ
ಬಾಸ್, ಇಷ್ಟೆಲ್ಲಾ ಯಾಕೆ? ಫ್ಲಟರ್ ಕ್ಲೀನ್ ಹೊಡಿ, ಡಾಟ್ ಗ್ರೇಡಲ್ ಫೋಲ್ಡರ್ ಪೂರ್ತಿ ಡಿಲೀಟ್ ಮಾಡು, ಇನ್‌ವ್ಯಾಲಿಡೇಟ್ ಕ್ಯಾಶಸ್, ರೀಸ್ಟಾರ್ಟ್. ನಂಗೆ ಹತ್ತರಲ್ಲಿ ಒಂಬತ್ತು ಸಲ ಇದ್ರಲ್ಲೇ ಸರಿಹೋಗಿದೆ.

ಎರಡು_ಜಿಬಿ_ದಿನಕ್ಕೆ
ಮಾರಾಯ್ರೆ, ಈ ಒಂದು ಸಲಹೆ ಎಷ್ಟು ಜನರ ಡೇಟಾ ನುಂಗಿದೆ ಗೊತ್ತುಂಟಾ? ಡಾಟ್ ಗ್ರೇಡಲ್ ಅಳಿಸಿದರೆ ಎಲ್ಲಾ ಲೈಬ್ರರಿ, ಗ್ರೇಡಲ್ ಜಿಪ್, ಪುನಃ ಮೊದಲಿನಿಂದ ಇಳೀಬೇಕು. ಹಾಟ್‌ಸ್ಪಾಟಿನವರಿಗೆ ಆ ದಿನದ ಕೋಟಾ ಅಲ್ಲಿಗೇ ಖಾಲಿ. ಜಾವಾ 21 ಅಂತ ಎರರ್ ಬಂದದ್ದು ಕ್ಯಾಶ್ ಅಳಿಸಿದರೆ 17 ಆಗ್ತದಾ?

ಅಳಿಸಲಿಕ್ಕೆ ಕಾರಣ ಇರುವುದು ಒಂದೇ ಕಡೆ: ‘ಜಿಪ್ ಎಂಡ್ ಹೆಡರ್ ನಾಟ್ ಫೌಂಡ್’. ಡೌನ್‌ಲೋಡ್ ಅರ್ಧಕ್ಕೆ ನಿಂತು ಜಿಪ್ ಮುರಿದಿದೆ ಅಂತ ಅರ್ಥ. ಆಗಲೂ ಪೂರ್ತಿ ಫೋಲ್ಡರ್ ಬೇಡ. ರ‍್ಯಾಪರ್ ಒಳಗಿನ ಡಿಸ್ಟ್ಸ್‌ಗೆ ಹೋಗಿ ಆ ಒಂದು ವರ್ಷನಿನ ಫೋಲ್ಡರ್ ಮಾತ್ರ ತೆಗೀರಿ. ರ‍್ಯಾಪರ್ ಸಾಲಿನ ಕೊನೆಯಲ್ಲಿ ‘ಆಲ್’ ಅಂತ ಇದ್ದರೆ ‘ಬಿನ್’ ಮಾಡಿ. ಆಲ್‌ನಲ್ಲಿ ಸೋರ್ಸ್, ಡಾಕ್ಯುಮೆಂಟೇಶನ್ ಎಲ್ಲ ತುಂಬಿರ್ತದೆ, ಬಿಲ್ಡಿಗೆ ಅದು ಬೇಡ. ಬಿನ್ ಸುಮಾರು 130 ಎಂಬಿ. ಒಮ್ಮೆ ಎಲ್ಲಾ ಇಳಿದ ಮೇಲೆ ಗ್ರೇಡಲ್‌ಗೆ ‘--ಆಫ್‌ಲೈನ್’ ಕೊಟ್ಟು ನೋಡಿ. ಅದರಲ್ಲೂ ಬಿದ್ದರೆ ಏನು ಸಿಗಲಿಲ್ಲ ಅಂತ ಹೆಸರು ಹಿಡಿದು ಹೇಳ್ತದೆ.

ಮೇಲಿನ ಏಣಿಯವರ ಪ್ರತಿ ಮೆಟ್ಟಿಲಿಗೂ ಒಂದೊಂದು ಗ್ರೇಡಲ್ ಜಿಪ್, ಒಂದೊಂದು ಎಜಿಪಿ. ಹತ್ತುವ ಖರ್ಚು ಯಾರ ಅಪ್ಪನದ್ದು?

ಏಣಿ_ಮೆಟ್ಟಿಲು
ಮೂರು ಜಿಪ್ಪಿಗೆ ಹೆಚ್ಚೆಂದರೆ 400 ಎಂಬಿ. ಹಾರಿ ಬಿದ್ದು ಮೂರು ದಿನ ಹುಡುಕೋದಕ್ಕಿಂತ ಅಗ್ಗ. ಅಪ್ಪನ ವಿಷಯ ಬೇಡ.

ಕ್ಲೀನ್_ಕುಮಾರ
ವರ್ಕ್ ಆಗಿದ್ದನ್ನ ಹೇಳಿದ್ದಕ್ಕೆ ಇಷ್ಟು ಉರ್ಕೊಳ್ತಾರಲ್ಲ ಗುರು.

ಹೊಸ_ಮನೆ
ಏಣಿಯೂ ಬೇಡ, ಪಿನ್ನೂ ಬೇಡ. ಆಂಡ್ರಾಯ್ಡ್ ಫೋಲ್ಡರ್ ಹೆಸರು ಬದಲಿಸಿ ಪಕ್ಕಕ್ಕಿಡಿ, ‘ಫ್ಲಟರ್ ಕ್ರಿಯೇಟ್ --ಪ್ಲಾಟ್‌ಫಾರ್ಮ್ಸ್=ಆಂಡ್ರಾಯ್ಡ್ .’ (ಕೊನೆಯ ಚುಕ್ಕೆ ಸೇರಿಸಿ) ಕೊಟ್ಟು ಹೊಸದು ಹುಟ್ಟಿಸಿ. ಹಳೇದರಿಂದ ಸಾಗಿಸಬೇಕಾದ್ದು: ಅಪ್ಲಿಕೇಶನ್ ಐಡಿ (ಇದು ತಪ್ಪಿದರೆ ಸ್ಟೋರ್ ಕಣ್ಣಿಗೆ ಅದು ಬೇರೆಯೇ ಆ್ಯಪ್), ಮ್ಯಾನಿಫೆಸ್ಟ್‌ನ ಪರ್ಮಿಶನ್‌ಗಳು, ಮಿನ್‌ಎಸ್‌ಡಿಕೆ, ಮೇನ್‌ಆಕ್ಟಿವಿಟಿ, ಗೂಗಲ್-ಸರ್ವಿಸಸ್ ಫೈಲ್, ಪ್ರೋಗಾರ್ಡ್ ನಿಯಮ, ಸೈನಿಂಗ್. ಸೈನಿಂಗ್ ಮರೆಯೋರು ಬಹಳ. ಹೊಸ ಟೆಂಪ್ಲೇಟ್ ರಿಲೀಸನ್ನೂ ಡೀಬಗ್ ಕೀಯಿಂದಲೇ ಸಹಿ ಮಾಡುತ್ತೆ. ಫೋನಲ್ಲಿ ಚೆನ್ನಾಗೇ ಓಡುತ್ತೆ, ಅಪ್‌ಲೋಡ್ ಮಾಡುವಾಗ ಗೊತ್ತಾಗೋದು.

ಫ್ಲಟರ್ 3.16ರಿಂದಾಚೆ ‘ಅಪ್ಲೈ’ ಬಿಟ್ಟು ‘ಪ್ಲಗಿನ್ಸ್’ ಬ್ಲಾಕ್ ಬಂದಿದೆ. ಹಳೇ ಬಿಲ್ಡ್ ಫೈಲ್ ತಿದ್ದುತ್ತಾ ಕೂತರೆ ಅದನ್ನೂ ಕೈಯಿಂದ ಮಾಡ್ಬೇಕು. ಹೊಸದರಲ್ಲಿ ತಾನಾಗೇ ಬರುತ್ತೆ.

ಎರಡು_ಜಿಬಿ_ದಿನಕ್ಕೆ
ಹೊಸ ಮನೆಯ ಗ್ರೇಡಲ್ ಪ್ರಾಪರ್ಟೀಸ್ ಓದಿದ್ದೀರಾ? ಈಚಿನ ಟೆಂಪ್ಲೇಟಿನಲ್ಲಿ ‘-ಎಕ್ಸ್ಎಂಎಕ್ಸ್8ಜಿ’, ಅಂದರೆ 8 ಜಿಬಿ ಮೆಮೊರಿ ತನಕ, ಜೊತೆಗೆ ಮೆಟಾಸ್ಪೇಸ್ 4ಜಿ. ಇವರ ಲ್ಯಾಪ್‌ಟಾಪಿನಲ್ಲಿ ಇರುವುದೇ 8. ‘ಡೀಮನ್ ಡಿಸಪಿಯರ್ಡ್ ಅನೆಕ್ಸ್‌ಪೆಕ್ಟೆಡ್ಲಿ’ ಅಂತ ಬರ್ತದೆ, ಮತ್ತೆ ಅದನ್ನೂ ವರ್ಷನ್ ಗಲಾಟೆ ಅಂತ ಹುಡುಕ್ತಾ ಕೂರ್ತಾರೆ. 2ಜಿ ಮಾಡಿ, ವರ್ಕರ್ಸ್ ಮ್ಯಾಕ್ಸ್ 2 ಹಾಕಿ. ಕೋಟ್ಲಿನಿಗೆ ಬೇರೆ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಸೆಸ್) ಏಳದ ಹಾಗೆ ಕಂಪೈಲರ್ ಎಕ್ಸಿಕ್ಯೂಶನ್ ಸ್ಟ್ರಾಟಜಿ ‘ಇನ್-ಪ್ರೋಸೆಸ್’ ಮಾಡಿ. ನಿಧಾನ ಆಗ್ತದೆ, ಸಾಯುವುದಿಲ್ಲ.

ಹೊಸ_ಮನೆ
ಸರಿ, ಅದು ಒಪ್ಪಿದೆ.

ನೇಮ್‌ಸ್ಪೇಸ್_ನಾಗ
ವಾರಸುದಾರರಿಲ್ಲದ ಆ ಮೂರು ಪ್ಲಗಿನ್‌ಗೆ ಯಾರೂ ಉತ್ತರ ಕೊಟ್ಟಿಲ್ಲ. ಎಲ್ಲ ಕಡೆ ತಿರುಗೋ ಮದ್ದು ಇದು: ರೂಟ್ ಬಿಲ್ಡ್ ಫೈಲ್‌ನಲ್ಲಿ ಸಬ್‌ಪ್ರಾಜೆಕ್ಟ್ಸ್ ಒಳಗೆ ಆಫ್ಟರ್‌ಎವ್ಯಾಲ್ಯುಯೇಟ್ ಬರೆದು, ಆಂಡ್ರಾಯ್ಡ್ ಇದ್ದು ನೇಮ್‌ಸ್ಪೇಸ್ ಖಾಲಿ ಇದ್ದರೆ ಪ್ರಾಜೆಕ್ಟ್ ಗ್ರೂಪ್ ತುಂಬಿಸೋದು. ಇದನ್ನ ‘ಎವ್ಯಾಲ್ಯುಯೇಶನ್‌ಡಿಪೆಂಡ್ಸ್‌ಆನ್ ಆ್ಯಪ್’ ಸಾಲಿಗಿಂತ ಮೇಲೆ ಹಾಕಬೇಕು. ಕೆಳಗೆ ಹಾಕಿದ್ರೆ ‘ಆಲ್ರೆಡಿ ಎವ್ಯಾಲ್ಯುಯೇಟೆಡ್’ ಅಂತ ಬೈಯುತ್ತೆ. ಫ್ಲಟರ್ 3.29ರಿಂದ ಹೊಸ ಪ್ರಾಜೆಕ್ಟ್ ಫೈಲ್‌ಗಳು ಕೋಟ್ಲಿನ್ ಡಿಎಸ್‌ಎಲ್, ಗ್ರೂವಿ ತುಣುಕನ್ನ ಅಲ್ಲಿ ಅಂಟಿಸಿದ್ರೆ ಸಾಲುಸಾಲು ಕೆಂಪು.

ಇಷ್ಟಾದರೂ ಆ ಮದ್ದು ಅರೆಬರೆ. ಪ್ಲಗಿನ್‌ನ ಕೋಡ್ ತನ್ನದೇ ‘ಆರ್’ ಕ್ಲಾಸ್ ಬಳಸಿದ್ರೆ, ಮ್ಯಾನಿಫೆಸ್ಟ್‌ನ ಹಳೇ ಹೆಸರು ಒಂದು, ಗ್ರೂಪ್ ಹೆಸರು ಇನ್ನೊಂದು ಆಗಿ ‘ಆರ್’ ಸಿಗೋದಿಲ್ಲ. ಸರಿಯಾದ ದಾರಿ ಫೋರ್ಕ್. ಪ್ಲಗಿನ್ ನಕಲು ಮಾಡಿ ಪ್ರಾಜೆಕ್ಟ್‌ನ ಪ್ಯಾಕೇಜಸ್ ಫೋಲ್ಡರಿಗೆ ಹಾಕಿ, ಮ್ಯಾನಿಫೆಸ್ಟ್‌ನ ಹೆಸರನ್ನೇ ನೇಮ್‌ಸ್ಪೇಸ್ ಮಾಡಿ, ಪಬ್‌ಸ್ಪೆಕ್‌ನ (ಪ್ಯಾಕೇಜ್ ಪಟ್ಟಿ ಇರೋ ಫೈಲ್) ಡಿಪೆಂಡೆನ್ಸಿ ಓವರ್‌ರೈಡ್ಸ್‌ನಲ್ಲಿ ಪಾತ್ ಕೊಡಿ. ಪಬ್ ಕ್ಯಾಶ್ (ಇಳಿಸಿಕೊಂಡ ಪ್ಲಗಿನ್ ಇರೋ ಜಾಗ) ಒಳಗೇ ಹೋಗಿ ತಿದ್ದೋರು ಇದ್ದಾರೆ, ಮುಂದಿನ ಕ್ಯಾಶ್ ರಿಪೇರ್‌ಗೆ ಎಲ್ಲ ಹೋಗುತ್ತೆ.

ಇನ್ನೊಂದು. 3.29ಕ್ಕೆ ಹೋಗಬೇಡಿ, 3.27ರಲ್ಲಿ ನಿಲ್ಲಿ. 3.29ರಲ್ಲಿ ಹಳೇ ವಿ1 ಎಂಬೆಡಿಂಗ್ (ಪ್ಲಗಿನ್ ಜೋಡಿಸೋ ಹಳೇ ವಿಧಾನ) ತೆಗೆದಿದ್ದಾರೆ. ‘ರಿಜಿಸ್ಟ್ರಾರ್’ ಅನ್ನೋ ಪದ ಇರೋ ಪ್ಲಗಿನ್ ಕಂಪೈಲೇ ಆಗಲ್ಲ. ಮೂರರಲ್ಲೂ ಆ ಪದ ಹುಡುಕಿ ನೋಡಿ.

ಪಿನ್_ಮಾಡಿ_ಮಲಗಿ
‘3.27ರಲ್ಲಿ ನಿಲ್ಲಿ.’ ಅಂದ್ರೆ ಪಿನ್ ಮಾಡಿ. ನಾನು ಹೇಳಿದ್ರೆ ತಪ್ಪು!

ನೇಮ್‌ಸ್ಪೇಸ್_ನಾಗ
ಎಲ್ಲಿ ಪಿನ್ ಮಾಡ್ತೀರಿ ಅನ್ನೋದೇ ಪ್ರಶ್ನೆ ಸಾರ್. ಮುಳುಗೋ ದೋಣಿಗೆ ಕಟ್ಟಿಕೊಳ್ಳೋದಕ್ಕೆ ಪಿನ್ ಅನ್ನಲ್ಲ.

ಸೇಬಿನ_ಸಾಲ
ಆಂಡ್ರಾಯ್ಡಿನವರು ಪುಣ್ಯವಂತರು. ಐಫೋನ್ ಆ್ಯಪ್ ಕಟ್ಟೋ ಎಕ್ಸ್‌ಕೋಡ್ 14.3ರಲ್ಲಿ ‘ಲಿಬ್‌ಆರ್ಕ್‌ಲೈಟ್’ ಫೈಲನ್ನೇ ತೆಗೆದುಹಾಕಿದರು. ಡಿಪ್ಲಾಯ್‌ಮೆಂಟ್ ಟಾರ್ಗೆಟ್ 8, 9 ಅಂತಿದ್ದ ಪಾಡ್‌ಗಳೆಲ್ಲ (ಐಓಎಸ್ ಲೈಬ್ರರಿಗಳು) ಲಿಂಕ್ ಆಗದೆ ಬಿದ್ದವು. ಪಾಡ್‌ಫೈಲ್‌ನ ಪೋಸ್ಟ್-ಇನ್‌ಸ್ಟಾಲ್‌ನಲ್ಲಿ ಎಲ್ಲದಕ್ಕೂ 11 ಅಥವಾ ಮೇಲೆ ಹಾಕಬೇಕು. ಎಕ್ಸ್‌ಕೋಡ್ 15ಕ್ಕೆ ‘ಡಿಟಿ ಟೂಲ್‌ಚೇನ್ ಡಿರ್’ ತಕರಾರು, ಅದಕ್ಕೆ ಕೋಕೋಪಾಡ್ಸ್ 1.13. ಎಕ್ಸ್‌ಕೋಡ್ 16ಕ್ಕೆ ಬೋರಿಂಗ್‌ಎಸ್‌ಎಸ್‌ಎಲ್ ಪಾಡ್‌ನಲ್ಲಿ ‘-ಜಿ’ ಆಯ್ಕೆ ಒಪ್ಪಲ್ಲ ಅಂತ, ಅದಕ್ಕೆ ಫೈರ್‌ಬೇಸ್ ಏರಿಸಬೇಕು. 2025ರ ಏಪ್ರಿಲ್ 24ರಿಂದ ಅಪ್‌ಲೋಡ್‌ಗೆ ಎಕ್ಸ್‌ಕೋಡ್ 16 ಕಡ್ಡಾಯ ಮಾಡಿದರು, ಅದು ಕೂರೋದು ಮ್ಯಾಕ್‌ಓಎಸ್ 14.5ರ ಮೇಲೆ, ಹಳೇ ಮ್ಯಾಕ್‌ಗೆ ಅದು ಬರಲ್ಲ. ವರ್ಷಕ್ಕೆ 99 ಡಾಲರ್ ಬೇರೆ. ಪ್ಲೇಗೆ ಒಂದೇ ಸಲ 25.

ಮ್ಯಾಕ್ ಇಲ್ಲದೆ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಮಾಡೋಣ ಅಂದರೆ ಪ್ರೈವೇಟ್ ರೆಪೋಗೆ ತಿಂಗಳಿಗೆ ಉಚಿತ 2000 ನಿಮಿಷ, ಮ್ಯಾಕ್‌ನ ಒಂದು ನಿಮಿಷಕ್ಕೆ 10 ಎಣಿಸುತ್ತಾರೆ. 200 ನಿಮಿಷ. ಪಾಡ್ ಇನ್‌ಸ್ಟಾಲ್ ಸೇರಿ ಬಿಲ್ಡ್‌ಗೆ 25 ನಿಮಿಷ ಹಿಡಿದರೆ ತಿಂಗಳಿಗೆ ಎಂಟೇ ಪ್ರಯತ್ನ. ಅದರಲ್ಲಿ ಐದು ಸರ್ಟಿಫಿಕೇಟ್ ಪಾಸ್‌ವರ್ಡ್ ತಪ್ಪಿಗೇ ಹೋಗುತ್ತೆ.

ಕ್ಲೀನ್_ಕುಮಾರ
ಎಕ್ಸ್‌ಕೋಡ್ ಕ್ಯಾಶ್, ಡಿರೈವ್ಡ್ ಡೇಟಾ ಡಿಲೀಟ್ ಮಾಡಿದ್ರಾ?

ಸೇಬಿನ_ಸಾಲ
ನಿಮ್ಮ ಕೈಗೆ ಕಸಬರಿಕೆ ಕೊಟ್ಟವರು ಯಾರು ಸ್ವಾಮಿ?

ಕನ್ನಡ_ಹೆಸರಿನ_ಫೋಲ್ಡರ್
ವಿಂಡೋಸ್ ಅಂದಿದ್ದಾರೆ, ಆದ್ದರಿಂದ ಒಂದು ಮಾತು. ಬಳಕೆದಾರರ ಹೆಸರನ್ನು ಕನ್ನಡದಲ್ಲಿ ಇಟ್ಟುಕೊಂಡಿದ್ದರೆ ‘ಪ್ರಾಜೆಕ್ಟ್ ಪಾತ್ ಕಂಟೇನ್ಸ್ ನಾನ್-ಆಸ್ಕಿ ಕ್ಯಾರೆಕ್ಟರ್ಸ್’ ಬರುತ್ತದೆ. ‘ಓವರ್‌ರೈಡ್‌ಪಾತ್‌ಚೆಕ್’ ಟ್ರೂ ಮಾಡಿದರೆ ಎಚ್ಚರಿಕೆ ಬಾಯಿ ಮುಚ್ಚುತ್ತದೆ, ಕಾಯಿಲೆ ಹೋಗುವುದಿಲ್ಲ. ಮುಂದೆ ಎನ್‌ಡಿಕೆಯೋ (ಸಿ, ಸಿ++ ಕೋಡ್ ಕಟ್ಟುವ ಕಿಟ್) ಎಎಪಿಟಿಯೋ ‘ಫೈಲ್ ಇಲ್ಲ’ ಎನ್ನುತ್ತದೆ. ಪ್ರಾಜೆಕ್ಟನ್ನು ಡಿ ಡ್ರೈವ್‌ನ ಸಣ್ಣ ಇಂಗ್ಲಿಷ್ ಹೆಸರಿನ ಫೋಲ್ಡರಿಗೆ ಸಾಗಿಸಿ, ಗ್ರೇಡಲ್_ಯೂಸರ್_ಹೋಮ್ ಕೂಡ ಅಲ್ಲಿಗೇ ತಿರುಗಿಸಿ. ಹೆಸರನ್ನು ಕನ್ನಡದಲ್ಲಿಟ್ಟುಕೊಂಡದ್ದಕ್ಕೆ ಈ ದಂಡ. ಇರಲಿ.

ಏಣಿ_ಮೆಟ್ಟಿಲು
ಪ್ರಾಜೆಕ್ಟ್ ಡಿ, ಪಬ್ ಕ್ಯಾಶ್ ಸಿ ಆದ್ರೆ ಕೋಟ್ಲಿನ್ ‘ದಿಸ್ ಆ್ಯಂಡ್ ಬೇಸ್ ಫೈಲ್ಸ್ ಹ್ಯಾವ್ ಡಿಫರೆಂಟ್ ರೂಟ್ಸ್’ ಅಂತ ಬೀಳುತ್ತೆ. ಅರ್ಧ ಹೇಳಿ ಕಳಿಸಬೇಡಿ. ಪಬ್_ಕ್ಯಾಶ್ ಕೂಡ ಡಿಗೆ ಬರಲಿ, ಇಲ್ಲಾಂದ್ರೆ ಕೋಟ್ಲಿನ್ ಇನ್‌ಕ್ರಿಮೆಂಟಲ್ ಫಾಲ್ಸ್.

ಕನ್ನಡ_ಹೆಸರಿನ_ಫೋಲ್ಡರ್
ಇನ್‌ಕ್ರಿಮೆಂಟಲ್ ಆಫ್ ಮಾಡಿದರೆ 8 ಜಿಬಿ ಲ್ಯಾಪ್‌ಟಾಪಿನಲ್ಲಿ ಪ್ರತಿ ಬಿಲ್ಡ್‌ಗೂ ಒಂದು ಕಾಫಿ. ಪಬ್ ಕ್ಯಾಶ್ ಸಾಗಿಸುವುದೇ ಸರಿ. ಮೊದಲೇ ಬರೆಯಬೇಕಿತ್ತು, ಒಪ್ಪಿದೆ.

ರಿಯಾಕ್ಟ್_ರಾಯರು
ಪಬ್‌ಸ್ಪೆಕ್ ಲಾಕ್ ಫೈಲನ್ನು (ನಿಖರ ವರ್ಷನ್‌ಗಳ ಪಟ್ಟಿ) ಗಿಟ್‌ಗೆ ಹಾಕಿದ್ದೀರಾ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ಹೊಸ_ಮನೆ
ಲಾಕ್ ಫೈಲ್ ಇಗ್ನೋರ್ ಮಾಡ್ಬೇಕು ಅಲ್ವಾ?

ರಿಯಾಕ್ಟ್_ರಾಯರು
ಪ್ಯಾಕೇಜ್ ಬರೆಯೋರು ಬಿಡಬಹುದು. ಆ್ಯಪ್ ಬರೆಯೋರು ಹಾಕಲೇಬೇಕು! ಇಲ್ಲದಿದ್ದರೆ ಪಬ್‌ಸ್ಪೆಕ್‌ನ ‘^’ ಗುರುತು ನಿಮ್ಮ ಯಂತ್ರದಲ್ಲಿ ಒಂದು, ಸರ್ವರ್‌ನಲ್ಲಿ ಇನ್ನೊಂದು ಎಳೆಯುತ್ತದೆ.

ಹದಿನಾರು_ಕೆಬಿ
ಎಲ್ಲಾ ಆದ ಮೇಲೆ ಕಾದಿರೋದು ಇದು: 2025ರ ನವೆಂಬರ್ 1ರಿಂದ ಆಂಡ್ರಾಯ್ಡ್ 15 ಟಾರ್ಗೆಟ್ ಮಾಡೋ ಆ್ಯಪ್‌ಗೆ 16 ಕೆಬಿ ಮೆಮೊರಿ ಪೇಜ್ ಸೈಜ್ ಬೆಂಬಲ ಬೇಕು. ಡಾರ್ಟ್ ಕೋಡ್‌ಗೆ ಚಿಂತೆ ಇಲ್ಲ, ಪ್ಲಗಿನ್ ಒಳಗಿನ ರೆಡಿಮೇಡ್ ಎಸ್‌ಓ (ನೇಟಿವ್ ಲೈಬ್ರರಿ) ಫೈಲ್‌ಗಳೇ ಕೈ ಕೊಡೋದು. ಎಪಿಕೆ ಮಾಡಿ ‘ಜಿಪ್‌ಅಲೈನ್ -ಸಿ -ಪಿ 16 -ವಿ 4’ ಓಡಿಸಿ (ಬಿಲ್ಡ್ ಟೂಲ್ಸ್ 35 ಬೇಕು). ಅದು ಜಿಪ್ ಒಳಗಿನ ಜೋಡಣೆ ಮಾತ್ರ ನೋಡುತ್ತೆ, ಎಸ್‌ಓದ ಒಳಗಿನದ್ದಲ್ಲ. ಅದಕ್ಕೆ ಸ್ಟುಡಿಯೊದ ಎಪಿಕೆ ಅನಲೈಸರ್‌ನಲ್ಲಿ ಲಿಬ್ ಫೋಲ್ಡರ್ ತೆರೆದು ನೋಡಿ. ಸೋರ್ಸ್ ಇದ್ದರೆ ಎನ್‌ಡಿಕೆ ಆರ್28ರಲ್ಲಿ ಮತ್ತೆ ಕಟ್ಟಿ, ಅದರಲ್ಲಿ ಡೀಫಾಲ್ಟೇ 16. ಸೋರ್ಸ್ ಇಲ್ಲದ ಎಸ್‌ಓ ಆದರೆ ಆ ಪ್ಲಗಿನ್ ಬಿಡೋದೇ.

ಹುಬ್ಬಳ್ಳಿ_ಬಿಲ್ಡ್
ಎಲ್ಲಾರಿಗೂ ಧನ್ಯವಾದ್ರಿ. ಜೆಡಿಕೆ 17 ಹಾಕಿದ್ ಕೂಡ್ಲೇ 65 ಹೋತು. ಬಿನ್ ಮಾಡಿದ್ನಿ, 2ಜಿ ಮಾಡಿದ್ನಿ, ಏಣಿ ಹತ್ತಿ 8.6 ಮುಟ್ಟೀನಿ. ಮೂರು ಪ್ಲಗಿನ್‌ದಾಗ ಎರಡು ಫೋರ್ಕ್ ಮಾಡಿ ಬಿಲ್ಡ್ ಆದುವು. ಮೂರನೇದ್ರಾಗ ಈಗ ‘ಡುಪ್ಲಿಕೇಟ್ ಕ್ಲಾಸ್ ಕೋಟ್ಲಿನ್ ಕಲೆಕ್ಷನ್ಸ್ ಜೆಡಿಕೆ8’ ಅಂತ ಬರಾಕತ್ತೈತಿ.

ಏಣಿ_ಮೆಟ್ಟಿಲು
ಕೋಟ್ಲಿನ್ 1.8ರಿಂದ ಜೆಡಿಕೆ7, ಜೆಡಿಕೆ8 ಎರಡೂ ಅದರ ಸ್ಟ್ಯಾಂಡರ್ಡ್ ಲೈಬ್ರರಿ ಒಳಗೇ ಸೇರಿವೆ. ಆ ಪ್ಲಗಿನ್ ಹಳೇ ಜೆಡಿಕೆ8ನ್ನ ಬೇರೆಯಾಗಿ ಎಳೀತಿದೆ. ಡಿಪೆಂಡೆನ್ಸೀಸ್‌ನಲ್ಲಿ ಕೋಟ್ಲಿನ್-ಬಾಮ್ (ವರ್ಷನ್‌ಗಳನ್ನ ಹೊಂದಿಸೋ ಪಟ್ಟಿ) 1.9.24 ಪ್ಲಾಟ್‌ಫಾರ್ಮ್ ಆಗಿ ಸೇರಿಸಿ, ಎಲ್ಲ ಒಂದೇ ಅಂಕೆಗೆ ಬರುತ್ತೆ.

ಕ್ಲೀನ್_ಕುಮಾರ
ಅದಕ್ಕೂ ಮುಂಚೆ ಒಂದ್ಸಲ ಕ್ಲೀನ್ ಹೊಡೀರಿ.

ಎರಡು_ಜಿಬಿ_ದಿನಕ್ಕೆ
ಹೊಡೀಬೇಡಿ.