ಬೆಣ್ಣೆದೋಸೆ ಬೇಡವೆಂದವಳ ವಿಚಾರಣೆ

ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳೊಬ್ಬಳು ಮುಂದೆ ಬಂದ ಬೆಣ್ಣೆದೋಸೆಯನ್ನು ಪಕ್ಕಕ್ಕೆ ಸರಿಸಿ "ನನಗೆ ಬೇಡ" ಎಂದರೆ, ಅದನ್ನು ಸಾಮಾನ್ಯ ಸಂಗತಿಯೆಂದು ಬಿಟ್ಟುಬಿಡಲು ಬರುವುದಿಲ್ಲ. ನಮ್ಮ ವೀಣಾ ಹಾಗೆಂದ ಸಂಜೆಯೇ ಗಿರಿಜಕ್ಕನ ಮನೆಯ ಕಟ್ಟೆಯ ಮೇಲೆ, ಮಂಡಕ್ಕಿ ಮೆಣಸಿನಕಾಯಿಯ ಸಮಕ್ಷಮದಲ್ಲಿ ವಿಚಾರಣೆ ಆರಂಭವಾಯಿತು.

"ಬಸಿರು ತಡೆಯುವ ಗುಳಿಗೆ ನಿಲ್ಲಿಸಿ ಎರಡು ತಿಂಗಳಾಯಿತು ಅಕ್ಕಾ. ಬೆಳಿಗ್ಗೆ ಎದ್ದರೆ ವಾಕರಿಕೆ, ಎದೆಯಲ್ಲಿ ಬಿಗಿತ, ಮುಖದ ತುಂಬ ಮೊಡವೆ, ಬಾಚಣಿಗೆಯ ತುಂಬ ಕೂದಲು" ಎಂದು ವೀಣಾ ತನ್ನ ಆರೋಪಪಟ್ಟಿಯನ್ನು ತಾನೇ ಓದಿದಳು.

"ಗಂಡು ಮಗು" ಎಂದು ಗಿರಿಜಕ್ಕ ತೀರ್ಪಿತ್ತರು. ಬಸಿರೋ ಅಲ್ಲವೋ ಎಂಬ ಮೊದಲ ಮೆಟ್ಟಿಲನ್ನು ಹತ್ತದೆಯೇ ಮಹಡಿಗೆ ತಲುಪುವ ಈ ಚಾತುರ್ಯ ನಮ್ಮ ಓಣಿಯಲ್ಲಿ ಅವರೊಬ್ಬರಿಗೇ ಇದೆ.

ನರ್ಸ್ ಆಗಿರುವ ಶೋಭಾ ತಕರಾರು ತೆಗೆದಳು. "ಹೊರಗಿನ ಹಾರ್ಮೋನು ನಿಂತು ಅಂಡಾಶಯ ತನ್ನ ಕೆಲಸವನ್ನು ಮತ್ತೆ ವಹಿಸಿಕೊಳ್ಳುವಾಗ ಮೊಡವೆ ಏಳಬಹುದು, ಕೂದಲು ಉದುರಬಹುದು. ಎದೆಯ ಬಿಗಿತವಂತೂ ಮುಟ್ಟಿನ ಮುಂಚೆಯೂ ಬರುತ್ತದೆ, ಬಸಿರಿನಲ್ಲಿಯೂ ಬರುತ್ತದೆ. ಎರಡೂ ಕಡೆಗೆ ಹೇಳಿಕೆ ಕೊಡುವ ಸಾಕ್ಷಿಯನ್ನು ನಂಬುವುದು ಹೇಗೆ?"

"ಮುಟ್ಟು ಶುರುವಾಗದೆ ಬಸಿರಾಗುವುದುಂಟೇ? ಬಸವ ಜಯಂತಿಯ ಮರುದಿನ ಆದದ್ದೇ ಕೊನೆ" ಎಂದಳು ವೀಣಾ.

"ಅದು ಗುಳಿಗೆ ಬಿಟ್ಟ ಮೂರನೆಯ ದಿನ ಆದದ್ದು. ಹಾರ್ಮೋನು ನಿಂತದ್ದಕ್ಕೆ ಆಗುವ ಸ್ರಾವವೇ ಹೊರತು ನಿಜವಾದ ಮುಟ್ಟಲ್ಲ. ಮುಟ್ಟಿಗೆ ಸುಮಾರು ಎರಡು ವಾರ ಮೊದಲೇ ಅಂಡ ಬಿಡುಗಡೆಯಾಗುತ್ತದೆ. ಆಗಲೇ ಬಸಿರು ನಿಂತರೆ, ನೀನು ಕಾಯುತ್ತಿರುವ ಆ ಮೊದಲ ಮುಟ್ಟು ಬರುವುದೇ ಇಲ್ಲ."

"ನಾಲ್ಕು ವರ್ಷ ನುಂಗಿದ್ದು ಮೈಯಿಂದ ಇಳಿಯಲು ನಾಲ್ಕು ವರ್ಷವಾದರೂ ಬೇಡವೇ?" ಎಂದು ಗಿರಿಜಕ್ಕ ಬಡ್ಡಿಯ ಲೆಕ್ಕ ಹಿಡಿದರು. ಗುಳಿಗೆಯ ಹಾರ್ಮೋನು ಕೆಲವೇ ದಿನಗಳಲ್ಲಿ ಮೈಯಿಂದ ಹೋಗುತ್ತದೆಂದೂ, ತಡವಾಗುವುದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸಿರು ತಡೆಯಲು ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಚುಚ್ಚುಮದ್ದಿನಿಂದೆಂದೂ, ಅದರ ಕೊನೆಯ ಚುಚ್ಚುಮದ್ದಿನ ನಂತರ ಬಸಿರು ನಿಲ್ಲಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆಂದೂ ಶೋಭಾ ತಿಳಿಸಿದಾಗ, ಗಿರಿಜಕ್ಕ ತಮ್ಮ ತಂಗಿಯ ಸೊಸೆಯನ್ನು ಒಂದು ವರ್ಷದಿಂದ ವಿನಾಕಾರಣ ಬೈಯುತ್ತಿದ್ದುದನ್ನು ನೆನೆದು ಒಂದಷ್ಟು ಹೊತ್ತು ಮಂಡಕ್ಕಿಯನ್ನೇ ನೋಡುತ್ತ ಕುಳಿತರು.

"ಮುಟ್ಟಿನ ತಾರೀಕು ನೆಚ್ಚಲಾಗದಿದ್ದರೆ, ದಂಪತಿ ಕೂಡಿದ ಕೊನೆಯ ದಿನದಿಂದ 21 ದಿನ ಎಣಿಸಿ ಮೂತ್ರಪರೀಕ್ಷೆ ಮಾಡಬೇಕು. ಮೊದಲೇ ಮಾಡಿದರೆ ಇದ್ದರೂ ಇಲ್ಲವೆಂದು ತೋರಿಸೀತು" ಎಂದು ಶೋಭಾ ಹೇಳಿದ್ದೇ ತಡ, ಎಲ್ಲರಿಗೂ ಏಕಕಾಲಕ್ಕೆ ನೀರಡಿಕೆಯಾಯಿತು.

ವೀಣಾಳ ಗಂಡ ಇರುವುದು ಪುಣೆಯಲ್ಲಿ. ಕಾರಹುಣ್ಣಿಮೆಗೆ ಬಂದವರು ಒಂದೇ ರಾತ್ರಿ ಇದ್ದು ಹೋಗಿದ್ದರು. ಗಿರಿಜಕ್ಕ ಬೆರಳು ಮಡಚಿದರು: "ಕಾರಹುಣ್ಣಿಮೆಯಿಂದ ಮಣ್ಣೆತ್ತಿನ ಅಮಾವಾಸ್ಯೆಗೆ 15, ಅಲ್ಲಿಂದ ನಾಳೆಗೆ 6. ಸರಿಯಾಗಿ 21!" ಓಣಿಯ ಸೊಸೆಯಂದಿರ ಖಾಸಗಿ ಬದುಕು ಪಂಚಾಂಗದಲ್ಲಿ ಇಷ್ಟು ಸ್ಪಷ್ಟವಾಗಿ ದಾಖಲಾಗಿರುತ್ತದೆಂದು ನಾನು ತಿಳಿದಿರಲಿಲ್ಲ.

"ಒಂದೇ ಗೆರೆ ಬಂದರೆ?" ಎಂದಳು ವೀಣಾ.

"ವಾರ ಬಿಟ್ಟು ಇನ್ನೊಮ್ಮೆ ನೋಡು. ಗುಳಿಗೆ ಬಿಟ್ಟು ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಡಾಕ್ಟರರ ಬಳಿ ಹೋಗೋಣ. ಥೈರಾಯ್ಡೋ, ಮುಟ್ಟನ್ನು ಏರುಪೇರು ಮಾಡುವ ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆಯೋ ಇಷ್ಟು ದಿನ ಗುಳಿಗೆಯ ಮರೆಯಲ್ಲಿ ಅಡಗಿದ್ದಿರಬಹುದು."

ವೀಣಾ ತಲೆಯಾಡಿಸಿ, ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಮೆಣಸಿನಕಾಯಿಯನ್ನು ಎತ್ತಿಕೊಂಡಳು. ಅದನ್ನು ಬಯಕೆಯೆಂದು ದಾಖಲಿಸಬೇಕೋ, ಬರೀ ಹಸಿವೆಂದು ಬಿಡಬೇಕೋ ಎಂಬುದರ ಮೇಲೆ ಗಿರಿಜಕ್ಕನಿಗೂ ಶೋಭಾಳಿಗೂ ಹೊಸದಾಗಿ ವಾದ ಹತ್ತಿಕೊಂಡಿತು.